ಅಮೆರಿಕದ ಅಬಾರ್ಷನ್ ಸುದ್ದಿ ಸರಿಯಾಗಿ ಓದೋದು ಹೇಗೆ?

ಮೊನ್ನೆ ರಾತ್ರಿ ಹತ್ತೂವರೆಗೆ ದಾವಣಗೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದ್ರು. "ಏನೇ, ಟೆಕ್ಸಾಸಲ್ಲಿ ಗರ್ಭ ನಿಲ್ದೇ ಹೋದ್ರೂ ಡಾಕ್ಟ್ರು ಮುಟ್ಟಲ್ವಂತಲ್ಲ, ನಿಜಾನಾ?" ಅವರ ಮಗಳು ಟೆಕ್ಸಾಸಿನ ಡಲ್ಲಾಸಲ್ಲಿದಾಳೆ, ಈಗ ಮೂರು ತಿಂಗಳ ಗರ್ಭಿಣಿ. ಅವರಿಗೆ ಎರಡು ಫಾರ್ವರ್ಡ್ ಬಂದಿತ್ತು, ಒಂದ್ರಲ್ಲಿ ಅಮೆರಿಕದಲ್ಲಿ ಅಬಾರ್ಷನ್ ಬ್ಯಾನ್ ಅಂತ, ಇನ್ನೊಂದ್ರಲ್ಲಿ ಅಮೆರಿಕದ ಜನ ಅಬಾರ್ಷನ್ ಹಕ್ಕಿನ ಪರ ವೋಟ್ ಹಾಕಿದ್ರು ಅಂತ. ಎರಡೂ ಅರ್ಧರ್ಧ ನಿಜ. ಹಾಗಾಗಿ ಅವತ್ತು ಚಿಕ್ಕಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಒಂದೊಂದಾಗಿ ಬರೀತಿದೀನಿ, ಮಕ್ಕಳು ಅಲ್ಲಿರೋ ಮನೆಯವರಿಗೆ ಬೇಕಾಗುತ್ತೆ.

1. ಮೊದ್ಲು ಯಾವ ರಾಜ್ಯ ಅಂತ ನೋಡಿ

ನಮ್ಮಲ್ಲಿ ಅಬಾರ್ಷನ್‌ಗೆ ಇರೋ 1971ರ ಎಂಟಿಪಿ ಕಾಯ್ದೆ ಇಡೀ ದೇಶಕ್ಕೆ ಒಂದೇ. 2021ರ ತಿದ್ದುಪಡಿ ಆದ್ಮೇಲೆ 20 ವಾರದ ತನಕ, ಕೆಲವು ಸಂದರ್ಭಗಳಲ್ಲಿ 24 ವಾರದ ತನಕ ಮಾಡಿಸ್ಬಹುದು, ಬೆಂಗಳೂರಾದ್ರೂ ಅಷ್ಟೇ ಬೀದರ್ ಆದ್ರೂ ಅಷ್ಟೇ. ಅಮೆರಿಕದಲ್ಲಿ ಹಾಗಿಲ್ಲ. 1973ರ ರೋ ವರ್ಸಸ್ ವೇಡ್ ತೀರ್ಪು ಇಡೀ ದೇಶಕ್ಕೆ ಕೊಟ್ಟಿದ್ದ ಹಕ್ಕನ್ನ 2022ರ ಜೂನ್ 24ಕ್ಕೆ ಸುಪ್ರೀಂ ಕೋರ್ಟು ಡಾಬ್ಸ್ ಕೇಸಲ್ಲಿ ತೆಗೆದುಹಾಕಿ ರಾಜ್ಯಗಳಿಗೆ ಬಿಟ್ಟುಬಿಡ್ತು. ಆವಾಗಿಂದ ಟೆಕ್ಸಾಸಲ್ಲಿ ಹೆಚ್ಚುಕಮ್ಮಿ ಪೂರ್ತಿ ನಿಷೇಧ, ಪಕ್ಕದ ನ್ಯೂ ಮೆಕ್ಸಿಕೋದಲ್ಲಿ ಕಾನೂನುಬದ್ಧ. ಹಾಗಾಗಿ "ಅಮೆರಿಕದಲ್ಲಿ" ಅಂತ ಶುರುವಾಗೋ ಹೆಡ್‌ಲೈನ್ ಕಂಡ್ರೆ ಒಳಗೆ ರಾಜ್ಯದ ಹೆಸ್ರು ಹುಡುಕಿ.

2. ವಾರಗಳನ್ನ ಕ್ಯಾಲೆಂಡರ್ ಮೇಲೆ ಎಣಿಸಿ

ಫ್ಲೋರಿಡಾದಲ್ಲಿ 2024ರ ಮೇ 1ರಿಂದ ಆರು ವಾರದ ಮಿತಿ ಬಂತು, ಜಾರ್ಜಿಯಾದಲ್ಲೂ ಹತ್ರತ್ರ ಅಷ್ಟೇ. ಆರು ವಾರ ಅಂದ್ರೆ ಒಂದೂವರೆ ತಿಂಗಳು ಟೈಮ್ ಇದೆಯಲ್ಲ ಅನ್ಸುತ್ತೆ, ಆದ್ರೆ ಎಣಿಕೆ ಶುರುವಾಗೋದು ಗರ್ಭ ಕಟ್ಟಿದ ದಿನದಿಂದ ಅಲ್ಲ, ಕೊನೇ ಸಲ ಮುಟ್ಟಾದ ಮೊದಲನೇ ದಿನದಿಂದ. ಜೂನ್ 1ಕ್ಕೆ ಮುಟ್ಟಾದ್ಲು ಅಂತಿಟ್ಕೊಳ್ಳಿ. ಮುಂದಿಂದು ಜೂನ್ 29ಕ್ಕೆ ಬರ್ಬೇಕು. ಬರ್ಲಿಲ್ಲ, ಟೆನ್ಶನ್‌ಗೆ ಲೇಟಾಗಿರ್ಬೇಕು ಅಂತ ಒಂದ್ವಾರ ಕಾದು ಜುಲೈ 6ಕ್ಕೆ ಟೆಸ್ಟ್ ಮಾಡಿದ್ರೆ ಆಗ್ಲೇ ಐದು ವಾರ ಮುಗಿದಿರುತ್ತೆ. ಜುಲೈ 13ಕ್ಕೆ ಆರು ವಾರ ಪೂರ್ತಿ. ಕೈಯಲ್ಲಿರೋದು ಬರೀ ಏಳು ದಿನ, ಅದ್ರೊಳಗೆ ಯೋಚನೆ ಮಾಡ್ಬೇಕು, ದುಡ್ಡು ಹೊಂದಿಸ್ಬೇಕು, ಅಪಾಯಿಂಟ್ಮೆಂಟ್ ಸಿಗ್ಬೇಕು. ಮುಟ್ಟು ಸರಿಯಾಗಿ ಆಗದೇ ಇರೋ ಪಿಸಿಓಡಿ ಹುಡ್ಗೀರಿಗಂತೂ ಆ ಏಳು ದಿನಾನೂ ಇಲ್ಲ. ಇದನ್ನ ಚಿಕ್ಕಮ್ಮನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

3. ಸರ್ವೇಲಿ ಏನ್ ಕೇಳಿದಾರೆ ಅಂತ ಓದಿ

ಪ್ಯೂ ಅನ್ನೋ ಅಮೆರಿಕದ ಸರ್ವೇ ಸಂಸ್ಥೆಯ 2024ರ ಸರ್ವೇಲಿ 63 ಪರ್ಸೆಂಟ್ ಜನ ಅಬಾರ್ಷನ್ ಎಲ್ಲಾ ಸಂದರ್ಭದಲ್ಲಿ ಅಥವಾ ಬಹುತೇಕ ಸಂದರ್ಭದಲ್ಲಿ ಕಾನೂನುಬದ್ಧ ಆಗಿರ್ಬೇಕು ಅಂದ್ರು, 36 ಪರ್ಸೆಂಟ್ ಬೇಡ ಅಂದ್ರು. ಗ್ಯಾಲಪ್ ಅನ್ನೋ ಇನ್ನೊಂದು ಸರ್ವೇ ಸಂಸ್ಥೆಯವರು 1975ರಿಂದ ಬೇರೆ ಥರ ಕೇಳ್ಕೊಂಡು ಬರ್ತಿದಾರೆ, ಅಲ್ಲಿ "ಕೆಲವು ಸಂದರ್ಭಗಳಲ್ಲಿ ಮಾತ್ರ" ಅನ್ನೋ ಆಯ್ಕೆ ಇರೋದ್ರಿಂದ ದೊಡ್ಡ ಗುಂಪು ಆ ನಡುವಿನ ಜಾಗಕ್ಕೆ ಹೋಗಿ ಕೂರುತ್ತೆ. ಜನ ಅವ್ರೇ, ಪ್ರಶ್ನೆ ಬೇರೆ. ಎರಡೂ ಪಕ್ಷದವರು ತಮಗೆ ಬೇಕಾದ ಪ್ರಶ್ನೆ ಎತ್ಕೊಂಡು "ಜನ ನಮ್ ಕಡೆ" ಅಂತಾರೆ, ಅದಕ್ಕೇ ನಂಬರ್ ನೋಡೋ ಮುಂಚೆ ಪ್ರಶ್ನೆ ಓದಿ.

4. ಯೆಸ್ ಅಂದ್ರೆ ಏನು, ನೋ ಅಂದ್ರೆ ಏನು

ಎಲ್ರೂ ಎಡವೋದು ಇಲ್ಲೇ. ಡಾಬ್ಸ್ ತೀರ್ಪು ಬಂದು ಆರು ವಾರದೊಳಗೆ, 2022ರ ಆಗಸ್ಟ್ 2ಕ್ಕೆ ಕ್ಯಾನ್ಸಸ್‌ನಲ್ಲಿ ಅಬಾರ್ಷನ್ ಹಕ್ಕಿನ ಬಗ್ಗೆ ಜನರದ್ದೇ ನೇರ ವೋಟಿಂಗ್ ಆಯ್ತು. ಟ್ರಂಪ್ ಎರಡು ಸಲ ಸಲೀಸಾಗಿ ಗೆದ್ದಿದ್ದ ರಾಜ್ಯ ಅದು. ಅಲ್ಲಿ ಯೆಸ್ ಅಂದ್ರೆ ರಾಜ್ಯದ ಸಂವಿಧಾನದಿಂದ ಹಕ್ಕು ತೆಗೀರಿ ಅಂತ, ನೋ ಅಂದ್ರೆ ಉಳಿಸಿ ಅಂತ. ಸುಮಾರು 59 ಪರ್ಸೆಂಟ್ ನೋ ಬಿತ್ತು.

ಒಹಾಯೋ ಕಥೆ ಇನ್ನೂ ಗೋಜಲು. 2023ರ ಆಗಸ್ಟಲ್ಲಿ ಇಶ್ಯೂ 1 ಅಂತ ಒಂದು ಪ್ರಸ್ತಾಪ ವೋಟಿಗೆ ಬಂತು, ಸಂವಿಧಾನ ತಿದ್ದೋಕೆ ಅರ್ಧಕ್ಕಿಂತ ಹೆಚ್ಚು ವೋಟ್ ಸಾಲದು, 60 ಪರ್ಸೆಂಟ್ ಬೇಕು ಅಂತ. ಅದರಲ್ಲಿ ಅಬಾರ್ಷನ್ ಅನ್ನೋ ಪದಾನೇ ಇರ್ಲಿಲ್ಲ, ಆದ್ರೆ ನವೆಂಬರಲ್ಲಿ ಬರ್ತಿದ್ದ ಅಬಾರ್ಷನ್ ವೋಟಿಂಗನ್ನ ಕಷ್ಟ ಮಾಡೋಕೇ ಇದು ಅಂತ ಜನರಿಗೆ ಗೊತ್ತಾಗಿ ಸೋಲಿಸಿದ್ರು. ನವೆಂಬರ್ 7ಕ್ಕೆ ಬಂದ ನಿಜವಾದ ಅಬಾರ್ಷನ್ ತಿದ್ದುಪಡಿಗೂ ಇಶ್ಯೂ 1 ಅಂತಲೇ ಹೆಸ್ರು! ಹಕ್ಕು ಬೇಕು ಅನ್ನೋರು ಆಗಸ್ಟಲ್ಲಿ ನೋ ಹಾಕಿ ನವೆಂಬರಲ್ಲಿ ಯೆಸ್ ಹಾಕ್ಬೇಕಿತ್ತು. ಬ್ಯಾಲೆಟ್ ಮೇಲಿನ ಸಾರಾಂಶದಲ್ಲಿ "ಭ್ರೂಣ" ಅನ್ನೋ ಕಡೆ "ಹುಟ್ಟದ ಮಗು" ಅಂತ ಬರೆದಿದ್ರು. ಆದ್ರೂ ಸುಮಾರು 57 ಪರ್ಸೆಂಟ್ ಯೆಸ್ ಬಂತು.

5. ಗೆಲ್ಲೋಕೆ ಎಷ್ಟು ಬೇಕಿತ್ತು ನೋಡಿ

2024ರ ನವೆಂಬರಲ್ಲಿ ಫ್ಲೋರಿಡಾದಲ್ಲಿ ಹಕ್ಕಿನ ಪರ 57 ಪರ್ಸೆಂಟ್ ವೋಟ್ ಬಂದು ಸೋತ್ರು, ಯಾಕಂದ್ರೆ ಅಲ್ಲಿ 60 ಬೇಕು. ಅದೇ ದಿನ ಮಿಸೌರಿಯಲ್ಲಿ 52ರ ಒಳಗೇ ಬಂದು ಗೆದ್ರು, ಅದೂ ಟ್ರಂಪ್ ದೊಡ್ಡ ಅಂತರದಲ್ಲಿ ಗೆದ್ದ ರಾಜ್ಯದಲ್ಲಿ. ಅಂದ್ರೆ ಟ್ರಂಪ್‌ಗೂ ಅಬಾರ್ಷನ್ ಹಕ್ಕಿಗೂ ಒಟ್ಟಿಗೇ ವೋಟ್ ಹಾಕಿದೋರು ಬೇಕಾದಷ್ಟು ಜನ ಇದಾರೆ, ಪಾರ್ಟಿ ನೋಡಿ ಅಭಿಪ್ರಾಯ ಅಳೆಯೋಕೆ ಹೋಗ್ಬೇಡಿ. ಹಂಗಂತ ಎಲ್ಲಾ ಕಡೆ ಹಕ್ಕಿನ ಪರಾನೇ ಬಂತು ಅಂತಲ್ಲ, ಸೌತ್ ಡಕೋಟಾದಲ್ಲಿ ಸೋಲಾಯ್ತು, ನೆಬ್ರಾಸ್ಕಾದಲ್ಲಿ ಎರಡು ಪ್ರಸ್ತಾಪ ಎದುರುಬದುರು ನಿಂತು ನಿರ್ಬಂಧದ ಪ್ರಸ್ತಾಪವೇ ಗೆದ್ದಿತು. ಇನ್ನು ಟೆಕ್ಸಾಸು, ಜಾರ್ಜಿಯಾದಲ್ಲಿ ಜನ ಸಹಿ ಸಂಗ್ರಹ ಮಾಡಿ ಇಂಥ ಪ್ರಶ್ನೆ ಬ್ಯಾಲೆಟ್‌ಗೆ ತರೋಕೇ ದಾರಿ ಇಲ್ಲ, ಶಾಸಕರು ಮನಸ್ಸು ಮಾಡಿದ್ರೆ ಮಾತ್ರ. ನಮ್ಮೋರು ತುಂಬಾ ಇರೋ ಡಲ್ಲಾಸ್, ಹ್ಯೂಸ್ಟನ್, ಅಟ್ಲಾಂಟ ಎಲ್ಲಾ ಅದರೊಳಗೇ ಬರುತ್ತೆ.

6. "ಜೀವಕ್ಕೆ ಅಪಾಯ" ಅನ್ನೋ ಸಾಲನ್ನ ನಿಧಾನಕ್ಕೆ ಓದಿ

ತಾಯಿ ಜೀವ ಉಳಿಸೋಕೆ ವಿನಾಯಿತಿ ಇದೆ ಅಂತ ಈ ಕಾನೂನುಗಳಲ್ಲಿ ಬರೆದಿರುತ್ತೆ. ಎಷ್ಟು ಅಪಾಯ ಆದ್ರೆ ಅಪಾಯ ಅನ್ನೋದೇ ಪ್ರಶ್ನೆ. ಟೆಕ್ಸಾಸಲ್ಲಿ ಡಾಕ್ಟ್ರು ಎಡವಿದ್ರೆ ಜೀವಾವಧಿ ತನಕ ಜೈಲು, ಕನಿಷ್ಠ ಒಂದು ಲಕ್ಷ ಡಾಲರ್ ದಂಡ. ಅಷ್ಟು ಹೆದರಿಕೆ ಇಟ್ಕೊಂಡು ಯಾವ ಡಾಕ್ಟ್ರು ತಡಮಾಡದೆ ಕೈ ಹಾಕ್ತಾರೆ? 2023ರ ಡಿಸೆಂಬರಲ್ಲಿ ಕೇಟ್ ಕಾಕ್ಸ್ ಅನ್ನೋರು, ಹೊಟ್ಟೇಲಿರೋ ಮಗುವಿಗೆ ಟ್ರೈಸೋಮಿ 18 ಅನ್ನೋ ಗಂಭೀರ ಕ್ರೋಮೋಸೋಮ್ ತೊಂದರೆ ಇದೆ ಅಂತ ಗೊತ್ತಾದ್ಮೇಲೆ, ಅಬಾರ್ಷನ್‌ಗೆ ಅನುಮತಿ ಕೇಳಿ ಕೋರ್ಟಿಗೆ ಹೋದ್ರು. ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಅವರು ರಾಜ್ಯ ಬಿಟ್ಟು ಹೋಗ್ಬೇಕಾಯ್ತು.

ಇದನ್ನ ಓದುವಾಗ ನಂಗೆ ನೆನಪಾಗೋದು ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್. ಐರ್ಲೆಂಡಲ್ಲಿ ಡೆಂಟಿಸ್ಟ್, ವಯಸ್ಸು 31, 17 ವಾರದ ಗರ್ಭ ನಿಲ್ಲಲ್ಲ ಅಂತ ಗೊತ್ತಾಗಿತ್ತು, ತೆಗೆದುಬಿಡಿ ಅಂತ ಕೇಳಿದ್ರು, ಭ್ರೂಣದ ಹೃದಯ ಬಡೀತಿದೆ ಆಗಲ್ಲ ಅಂದ್ರು. 2012ರ ಅಕ್ಟೋಬರ್ 28ಕ್ಕೆ ಸೋಂಕು ವಿಪರೀತ ಏರಿ ಸೆಪ್ಸಿಸ್ ಆಗಿ ತೀರ್ಕೊಂಡ್ರು. 2018ರ ಮೇ 25ಕ್ಕೆ ಅಲ್ಲಿ ಸಂವಿಧಾನದಲ್ಲಿದ್ದ ಅಬಾರ್ಷನ್ ನಿಷೇಧ ತೆಗೀಬೇಕಾ ಅಂತ ಜನಮತಗಣನೆ ಆಯ್ತು. ಮಗಳನ್ನ ಕಳ್ಕೊಂಡಿದ್ದ ಅಪ್ಪ ಅಮ್ಮ ಬೆಳಗಾವಿಯಿಂದಲೇ ಯೆಸ್ ಹಾಕಿ ಅಂತ ಕೇಳ್ಕೊಂಡ್ರು, 66 ಪರ್ಸೆಂಟಿಗೂ ಹೆಚ್ಚು ಜನ ಹಾಕಿದ್ರು. ಆರು ವರ್ಷ ತಡವಾಗಿ.

7. ಅಲ್ಲಿರೋ ಮಗಳಿಗೆ ಫೋನ್ ಮಾಡಿದಾಗ

ಸಿಟಿಜನ್ ಆಗಿದ್ರೆ ವೋಟರ್ ರಿಜಿಸ್ಟ್ರೇಷನ್ ಮಾಡ್ಸಿದೀಯಾ ಅಂತ ಕೇಳಿ, ಟೆಕ್ಸಾಸಲ್ಲಿ ಎಲೆಕ್ಷನ್‌ಗೆ 30 ದಿನ ಮುಂಚೆ ಅದು ಆಗಿರ್ಬೇಕು. ಎಚ್1ಬಿ ಕೆಲ್ಸದ ವೀಸಾ, ಗ್ರೀನ್ ಕಾರ್ಡ್ ಇರೋರಿಗೆ ವೋಟಿಲ್ಲ, ಆದ್ರೆ ಕಾನೂನು ಅವರಿಗೂ ಅದೇ. ಚಿಕ್ಕಮ್ಮನ ಮಗಳು, ನಮ್ಮ ತಂಗಿದೂ ಎಚ್1ಬಿ. "ಅಕ್ಕ, ನಾನೇನ್ ಮಾಡ್ಲಿ?" ಅಂದ್ಲು. ಮೂರು ಪ್ರಶ್ನೆ ಬರ್ಕೋ ಅಂದೆ: ರಕ್ತಸ್ರಾವ ಆದ್ರೆ, ನೀರು ಬೇಗ ಒಡೆದ್ರೆ ಈ ಆಸ್ಪತ್ರೆಯಲ್ಲಿ ಏನ್ ಮಾಡ್ತೀರಿ, ಆ ಹೊತ್ತಿಗೆ ನಿರ್ಧಾರ ಯಾರ್ದು, ಬೇರೆ ರಾಜ್ಯಕ್ಕೆ ಹೋಗೋ ಹಾಗಾದ್ರೆ ಇನ್ಶೂರೆನ್ಸ್ ಬರುತ್ತಾ. ಮುಂದಿನ ಮಂಗಳವಾರ ಅವಳ ಚೆಕಪ್ಪು, ಚೀಟಿ ಬರೆದು ಫೈಲ್ ಒಳಗೆ ಇಟ್ಕೊಂಡಿದೀನಿ ಅಂತ ಮೆಸೇಜ್ ಹಾಕಿದ್ಲು.