ಆರೋಗ್ಯ ಕಾರ್ಡಿನ ಸುದ್ದಿ ಬಂತೇ? ಮೊದಲು ಆದೇಶ ಸಂಖ್ಯೆ ಕೇಳಿ

‘ಆಯುಷ್ಮಾನ್ ನಿಲ್ಲಿಸಿಬಿಟ್ಟರಂತೆ’, ‘ದುಡ್ಡು ದಿಲ್ಲಿಯದು, ಫೋಟೊ ಬೆಂಗಳೂರಿನದು’, ‘ಇನ್ನು ಯಾವ ಆಸ್ಪತ್ರೆಗೆ ಹೋದರೂ ಐದು ಲಕ್ಷ ಫ್ರೀ’. ಚುನಾವಣೆ ಹತ್ತಿರವಾದಂತೆ ತೀರ್ಥಹಳ್ಳಿಯಿಂದ ಸೊರಬದವರೆಗೆ ಸೊಸೈಟಿ, ಅಡಿಕೆ ಮಂಡಿ, ನೆಂಟರ ವಾಟ್ಸಾಪ್ ಗುಂಪುಗಳಲ್ಲಿ ಇಂಥವು ಸುತ್ತುತ್ತಿರುತ್ತವೆ. ಇವುಗಳಲ್ಲಿ ಎರಡು ಸಂಗತಿ ಕಲಸಿಹೋಗಿರುತ್ತವೆ: ಹೆಸರು ಯಾರಿಗೆ ಸಲ್ಲಬೇಕು ಎಂಬ ಜಗಳ, ಆಸ್ಪತ್ರೆಯ ಕೌಂಟರಿನಲ್ಲಿ ನಿಮಗೇನು ಸಿಗುತ್ತದೆ ಎಂಬ ಮಾಹಿತಿ. ಜಗಳವನ್ನು ಬದಿಗಿಟ್ಟು ನಾಲ್ಕೇ ಪ್ರಶ್ನೆ ಬರೆದುಕೊಳ್ಳಿ. ಯಾವ ಯೋಜನೆ? ಯಾವ ರೇಷನ್ ಕಾರ್ಡಿನವರಿಗೆ? ಎಷ್ಟು ಮೊತ್ತ? ಯಾವ ದಿನಾಂಕದಿಂದ? ನಾಲ್ಕರಲ್ಲಿ ಒಂದಕ್ಕೂ ಉತ್ತರವಿಲ್ಲದ ಫಾರ್ವರ್ಡ್ ಅನ್ನು ಪರಿಶೀಲಿಸಲು ಕೂರುವುದೇ ದಂಡ.

ಯೋಜನೆಯ ಹೆಸರಿನಲ್ಲೇ ಅರ್ಧ ಗೊಂದಲವಿದೆ. ರಾಜ್ಯದ ‘ಆರೋಗ್ಯ ಕರ್ನಾಟಕ’ 2018ರ ಮಾರ್ಚ್‌ನಲ್ಲಿ ಬಂತು, ಕೇಂದ್ರದ ‘ಆಯುಷ್ಮಾನ್ ಭಾರತ್’ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ಕೊನೆಗೆ ಎರಡನ್ನೂ ಕೂಡಿಸಿದರು. ಜಾರಿಯ ಹೊಣೆ ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನದು. ಯಶಸ್ವಿನಿ ಬೇರೆಯದೇ: ಸಹಕಾರ ಇಲಾಖೆಯದು, ಸೊಸೈಟಿ ಸದಸ್ಯರು ವಂತಿಗೆ ಕಟ್ಟಿ ಸೇರುವಂಥದ್ದು. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮರಳಿ ಬಂತು. ‘ಸೊಸೈಟಿ ಕಾರ್ಡ್ ನಿಂತಿದೆ’ ಎಂಬ ಹಳೇ ಸುದ್ದಿ ಇವತ್ತಿಗೂ ಆಯುಷ್ಮಾನ್ ನಿಂತಿದೆ ಎಂದಾಗಿ ತಿರುಗುವುದು ಹೀಗೆ.

ಮೊತ್ತದ ವಿಷಯದಲ್ಲಿ ಹೆಚ್ಚು ಜನ ಎಡವುವುದು ಎಪಿಎಲ್ ಲೆಕ್ಕದಲ್ಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಇದು ಇಡೀ ಕುಟುಂಬಕ್ಕೆ, ತಲೆಗೆ ಇಷ್ಟೆಂದಲ್ಲ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) 30 ಶೇಕಡಾ ಮಾತ್ರ ಸರ್ಕಾರದ್ದು, ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದ ಮಿತಿ. ಅಂದರೆ ಪ್ಯಾಕೇಜ್ ದರ 1 ಲಕ್ಷವಿದ್ದರೆ ಸರ್ಕಾರ 30 ಸಾವಿರ, ನೀವು 70 ಸಾವಿರ. ಫಾರ್ವರ್ಡುಗಳು ಇದನ್ನು ತಲೆಕೆಳಗು ಮಾಡಿ ‘30 ಶೇಕಡಾ ಕಟ್ಟಿದರೆ ಸಾಕು’ ಎನ್ನುತ್ತವೆ. ಅದನ್ನು ನಂಬಿ ಹೋದವರಿಗೆ ಬಿಲ್ ನೋಡಿದಾಗಲೇ ಗೊತ್ತಾಗುವುದು.

ಇನ್ನು ಆದೇಶದ ವಿಷಯ. ಬಜೆಟ್ ಭಾಷಣ, ಪತ್ರಿಕಾಗೋಷ್ಠಿ, ಸಚಿವರ ಪೋಸ್ಟು, ಇವೆಲ್ಲ ಹೇಳುವುದು ಉದ್ದೇಶವನ್ನಷ್ಟೇ. ಆದೇಶ ಹೊರಟು ಆಸ್ಪತ್ರೆಯ ತಂತ್ರಾಂಶ ಬದಲಾಗುವವರೆಗೆ ಕೌಂಟರಿನಲ್ಲಿ ಹಳೇ ನಿಯಮವೇ. 70 ವರ್ಷ ತುಂಬಿದವರಿಗೆ ಆದಾಯ ನೋಡದೆ ಆಯುಷ್ಮಾನ್ ಚಿಕಿತ್ಸೆ ಕೊಡುವ ಸೌಲಭ್ಯವನ್ನೇ ನೋಡಿ: ಕೇಂದ್ರ ಸಂಪುಟ ಒಪ್ಪಿದ್ದು 2024ರ ಸೆಪ್ಟೆಂಬರ್ 11, ಚಾಲನೆ ಅಕ್ಟೋಬರ್ 29. ಆದರೆ ಆಸ್ಪತ್ರೆಯ ಮಟ್ಟದಲ್ಲಿ ಯೋಜನೆ ನಡೆಸುವುದು ಆಯಾ ರಾಜ್ಯ. ಹಾಗಾಗಿ ದಿಲ್ಲಿಯ ಘೋಷಣೆಯ ವಿಡಿಯೊ ನೋಡಿ ಅಜ್ಜನನ್ನು ಬಸ್ ಹತ್ತಿಸಬೇಡಿ, ರಾಜ್ಯದ ಆದೇಶ ಏನು ಹೇಳುತ್ತದೆ ಕೇಳಿ.

ರಾಜ್ಯದ ಆದೇಶ ಓದುವ ಕ್ರಮ ಗೊತ್ತಿದ್ದರೆ ಕೆಲಸ ಸುಲಭ. ತಲೆಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’, ಆಮೇಲೆ ವಿಷಯ, ‘ಓದಲಾಗಿದೆ’, ಪ್ರಸ್ತಾವನೆ, ಕೊನೆಗೆ ಆದೇಶ. ಆರೋಗ್ಯ ಇಲಾಖೆಯದಾದರೆ ಸಂಖ್ಯೆ ‘ಆಕುಕ’ (ಆರೋಗ್ಯ ಮತ್ತು ಕುಟುಂಬ ಕಲ್ಯಾಣ) ಎಂದು ಶುರುವಾಗುತ್ತದೆ. ‘ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲಿನ ಕೆಳಗೆ ಅಧಿಕಾರಿಯ ಸಹಿ. ಪ್ರಸ್ತಾವನೆ ಎಷ್ಟೇ ಉದ್ದವಿರಲಿ, ಸೌಲಭ್ಯ ಸಿಗುವುದು ‘ಆದೇಶ’ ಎಂಬ ಭಾಗದಲ್ಲಿ ಬರೆದಿದ್ದರೆ ಮಾತ್ರ. ಪೂರ್ತಿ ನಕಲಿ ಆದೇಶಕ್ಕಿಂತ ಮೋಸ ಮಾಡುವುದು ಅಸಲಿ ಹಳೇ ಆದೇಶ: ದಿನಾಂಕ ಕತ್ತರಿಸಿ ಒಂದೇ ಪುಟ ಹಂಚುತ್ತಾರೆ. ಪೂರ್ತಿ ಪಿಡಿಎಫ್ ಕೇಳಿ. ಅದೇ ವಿಷಯದ ಹೊಸ ಆದೇಶ ಸಿಕ್ಕರೆ ಅದರ ‘ಓದಲಾಗಿದೆ’ ಪಟ್ಟಿಯಲ್ಲಿ ಹಿಂದಿನವೆಲ್ಲ ಸಾಲಾಗಿರುತ್ತವೆ; ನಿಮ್ಮ ಕೈಲಿರುವುದು ಹಳತೋ ಅಲ್ಲವೋ ಅಲ್ಲೇ ತಿಳಿಯುತ್ತದೆ. ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಪೇಟೆಗೆ ಬಂದ ದಿನವೇ ಇಳಿಸಿಕೊಂಡುಬಿಡಿ.

ಅಂಕಿಅಂಶದ ಜಗಳದಲ್ಲಿ ಎರಡೂ ಕಡೆಯವರು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ, ಅರ್ಧ ಹೇಳುತ್ತಾರೆ. ‘ಕೇಂದ್ರದ ಪಾಲು 60, ರಾಜ್ಯದ್ದು 40’ ಎಂಬುದು ಬಡ ಕುಟುಂಬಗಳನ್ನು ಗುರುತಿಸಲು ಬಳಸಿದ 2011ರ ಸಾಮಾಜಿಕ-ಆರ್ಥಿಕ ಗಣತಿಯ ಪಟ್ಟಿಯಲ್ಲಿರುವ ರಾಜ್ಯದ ಸುಮಾರು 62 ಲಕ್ಷ ಕುಟುಂಬಗಳಿಗೆ ಅನ್ವಯಿಸುವ ಅನುಪಾತ. ಉಳಿದ ಬಿಪಿಎಲ್ ಮತ್ತು ಎಪಿಎಲ್ ಕುಟುಂಬಗಳಿಗೆ ಸರ್ಕಾರದಿಂದ ಹೋಗುವ ಹಣ ರಾಜ್ಯದ್ದೇ. ಆದ್ದರಿಂದ ಶೇಕಡಾವಾರು ಕಂಡ ಕೂಡಲೇ ‘ಯಾವುದರಲ್ಲಿ?’ ಎಂದು ಕೇಳಿ. ಆಯುಷ್ಮಾನ್ ಬಗ್ಗೆ 2023ರ ಆಗಸ್ಟ್‌ನಲ್ಲಿ ಬಂದ ಸಿಎಜಿ (ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಂಸ್ಥೆ) ವರದಿಯ ಕಥೆಯೂ ಹೀಗೇ. 9999999999 ಎಂಬ ಒಂದೇ ಮೊಬೈಲ್ ಸಂಖ್ಯೆಗೆ 7,49,820 ಫಲಾನುಭವಿಗಳು ಜೋಡಣೆಯಾಗಿದ್ದದ್ದು ನಿಜ. ಫಲಾನುಭವಿಯನ್ನು ಗುರುತಿಸುವುದು ಆಧಾರ್ ಮೂಲಕ, ಮೊಬೈಲ್ ಸಂಖ್ಯೆಯಿಂದ ಅಲ್ಲ ಎಂದು ಆರೋಗ್ಯ ಸಚಿವಾಲಯ ಉತ್ತರಿಸಿದ್ದೂ ನಿಜ. ಒಂದು ಪೋಸ್ಟರ್ ಮೊದಲನೆಯದನ್ನು ಹಿಡಿಯಿತು, ಇನ್ನೊಂದು ಎರಡನೆಯದನ್ನು. ಪೋಸ್ಟರ್ ಬಿಟ್ಟು ವರದಿಯ ಆ ಪುಟವನ್ನೇ ತೆರೆದು ಓದಿ. ಸದನದಲ್ಲಿ ಚುಕ್ಕೆ ಗುರುತಿನ (ಸಚಿವರು ಎದ್ದು ನಿಂತು ಉತ್ತರಿಸಬೇಕಾದ) ಪ್ರಶ್ನೆಗೆ ಸಚಿವರು ಕೊಟ್ಟ ಉತ್ತರವೂ ಭಾಷಣಕ್ಕಿಂತ ಗಟ್ಟಿ, ಅದು ದಾಖಲೆಗೆ ಹೋಗುತ್ತದೆ. ಸುದ್ದಿ ನಿಜವೋ ಸುಳ್ಳೋ ಎಂದು ಹೇಳುವ ಪಿಐಬಿ ಫ್ಯಾಕ್ಟ್ ಚೆಕ್ ನೋಡುವವರಿಗೆ ಅದು ಕೇಂದ್ರ ಸರ್ಕಾರದ್ದೇ ಘಟಕ, ಕೇಂದ್ರದ ವಿಷಯಗಳನ್ನಷ್ಟೇ ಪರಿಶೀಲಿಸುತ್ತದೆ ಎಂಬುದು ನೆನಪಿರಲಿ.

ರೋಗಿ ಮನೆಯಲ್ಲಿರುವಾಗ ಇಷ್ಟೆಲ್ಲ ಓದಲು ಪುರುಸೊತ್ತು ಇರುವುದಿಲ್ಲ. ಆಗ ಫೋನೇ ಸರಿ: ರಾಜ್ಯದ ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್‌ನದು 14555. ‘ಕಾರ್ಡ್ ನಡೆಯುತ್ತಾ?’ ಎಂದು ಕೇಳಿದರೆ ‘ನಡೆಯುತ್ತದೆ’ ಎಂಬ ಉತ್ತರವೇ ಬರುವುದು, ಅದರಿಂದ ಪ್ರಯೋಜನವಿಲ್ಲ. ‘ಈ ಆಸ್ಪತ್ರೆ ಮೂಳೆ ವಿಭಾಗಕ್ಕೆ ನೋಂದಣಿಯಾಗಿದೆಯೇ?’ ಎಂದು ಕೇಳಿ. ನೋಂದಣಿ ವಿಭಾಗವಾರು ಆಗುವುದರಿಂದ ಹೃದಯಕ್ಕೆ ಇದ್ದ ಆಸ್ಪತ್ರೆ ಮೂಳೆಗೆ ಇಲ್ಲದಿರಬಹುದು. ಘಟ್ಟ ಇಳಿದು ಮಣಿಪಾಲ, ಮಂಗಳೂರಿನ ಕಡೆ ಹೋಗುವವರು ಮುಂಚೆಯೇ ತಾಲ್ಲೂಕು ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲೋ ರೆಫರಲ್ ವಿಚಾರಿಸಿಕೊಳ್ಳಬೇಕು. ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕೆಂಬುದು ಯೋಜನೆಯ ನಿಯಮ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ರೆಫರಲ್ ಬೇಡ, ನೇರ ಹೋಗಬಹುದು. ದಾಖಲಾಗುವ ಹೊತ್ತಿಗೇ ಆರೋಗ್ಯ ಮಿತ್ರರ (ಆಸ್ಪತ್ರೆಯಲ್ಲಿ ಕೂರುವ ಯೋಜನೆಯ ಸಹಾಯಕರು) ಮೇಜಿನಲ್ಲಿ ಕಾರ್ಡ್ ತೋರಿಸಿ ಮುಂಗಡ ಅನುಮತಿ ಕೇಳಿ. ಇದು ನಗದುರಹಿತ ಯೋಜನೆ; ಮೊದಲು ಕಟ್ಟಿ ಆಮೇಲೆ ಬಿಲ್ ಹಿಡಿದು ತಿರುಗಿದರೆ ಹಣ ವಾಪಸ್ ಬರುವುದಿಲ್ಲ.

ಅವಸರವಿಲ್ಲದ ಪ್ರಶ್ನೆಗೆ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ‘ಯಾಕೆ ನಿಲ್ಲಿಸಿದಿರಿ?’ ಎಂದು ಬರೆದರೆ ಅರ್ಜಿ ಜಾರಿಕೊಳ್ಳುತ್ತದೆ. ‘ಈ ವಿಷಯದಲ್ಲಿ ಇಂಥ ದಿನಾಂಕದ ನಂತರ ಹೊರಟ ಆದೇಶಗಳ ಪ್ರತಿ ಕೊಡಿ’ ಎಂದು ಬರೆಯಿರಿ.