ಜಿಟಿ ಬ್ಯಾಡ್ಜ್ ಬಿಟ್ಟು ಕೊಂಡ ಪೋಲೋ: ಸೆಕೆಂಡ್ ಹ್ಯಾಂಡ್ ಸ್ಪೋರ್ಟಿ ಕಾರು ಹುಡುಕಿದ ನನ್ನ ಅನುಭವ

ಹೊರದೇಶಗಳಲ್ಲಿ ನನ್ನ ವಯಸ್ಸಿನ ಹುಡುಗರು ಹಳೆಯ ಮಾಜ್ದಾ ಎಂಎಕ್ಸ್-5 ಕೊಂಡು, ಟಾಪ್ ಮಡಚಿ ಓಡಾಡುವ ವಿಡಿಯೊಗಳನ್ನು ಎಷ್ಟು ನೋಡಿದ್ದೇನೋ. ಆ ಕಾರು ನಮ್ಮ ದೇಶದಲ್ಲಿ ಮಾರಾಟಕ್ಕೇ ಬರಲಿಲ್ಲ. ಹೊರಗಿನಿಂದ ತರಿಸೋಣ ಅಂದರೆ ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ. ಹಾಗಾಗಿ ಸಂಬಳದಲ್ಲಿ ಉಳಿಸಿದ ದುಡ್ಡಿನಲ್ಲಿ ನಮಗೆ ಸಿಗುವ ಸ್ಪೋರ್ಟ್ಸ್ ಕಾರು ಅಂದರೆ ಟರ್ಬೊ ಎಂಜಿನ್ ಇರುವ ಚಿಕ್ಕ ಹ್ಯಾಚ್‌ಬ್ಯಾಕ್. ಅದನ್ನು ಒಪ್ಪಿಕೊಂಡರೆ ಹುಡುಕಾಟ ಸಲೀಸು, ಓಡಿಸುವ ಖುಷಿಗೂ ಕೊರತೆಯಿಲ್ಲ.

ನಾನು ಹಾಸನದ ಕಡೆಯವನು, ಕೆಲಸ ಮೈಸೂರಿನಲ್ಲಿ, ವಯಸ್ಸು ಇಪ್ಪತ್ನಾಲ್ಕು. ಕೈಯಲ್ಲಿದ್ದದ್ದು 8 ಲಕ್ಷ. ಅದರಲ್ಲಿ 1 ಲಕ್ಷ ಮುಟ್ಟಬಾರದು ಅಂತ ಮೊದಲೇ ತೀರ್ಮಾನಿಸಿಬಿಟ್ಟೆ. ಟೈರು, ಬ್ಯಾಟರಿ, ಸರ್ವಿಸ್, ಇನ್ಶೂರೆನ್ಸ್, ಹೆಸರು ವರ್ಗಾವಣೆ ಎಲ್ಲ ಆ ಒಂದು ಲಕ್ಷದಲ್ಲೇ ಆಗಬೇಕು. ಇದೇ ದುಡ್ಡಿಗೆ ಹತ್ತು-ಹನ್ನೆರಡು ವರ್ಷ ಹಳೆಯ ಜರ್ಮನ್ ಲಕ್ಷುರಿ ಕಾರುಗಳೂ ಬರುತ್ತವೆ, ಗೆಳೆಯರು ದಿನಾ ಲಿಂಕ್ ಕಳಿಸುತ್ತಿದ್ದರು. ಕೊಳ್ಳುವ ಬೆಲೆ ಬಿದ್ದಿದೆ ಅಂದ ಮಾತ್ರಕ್ಕೆ ಅವುಗಳ ಪಾರ್ಟ್ಸ್ ಬೆಲೆ ಬೀಳುವುದಿಲ್ಲ. ಅವನ್ನು ನೋಡಲೂ ಹೋಗಲಿಲ್ಲ.

ಎಷ್ಟು ಪವರ್, ಎಷ್ಟು ಸೆಕೆಂಡಿಗೆ ನೂರು ಅನ್ನುವುದನ್ನೆಲ್ಲ ಆಮೇಲೆ ಇಟ್ಟುಕೊಂಡೆ. ಮೊದಲು ಕೇಳಿಕೊಂಡದ್ದು: ಇನ್ನೈದು ವರ್ಷ ಇದಕ್ಕೆ ಪಾರ್ಟ್ಸ್ ಎಲ್ಲಿಂದ ಬರುತ್ತದೆ, ಮೈಸೂರಿನಲ್ಲಿ ಕೈ ಹಾಕುವವರು ಯಾರು?

ಮನಸ್ಸು ಮೊದಲು ಹೋದದ್ದು ಫಿಯಟ್‌ನ ಅಬಾರ್ತ್ ಪುಂಟೋ ಮೇಲೆ. 2015ರಲ್ಲಿ ಬಂದ ಕಾರು, 1.4 ಲೀಟರ್ ಟಿ-ಜೆಟ್ ಎಂಜಿನ್, 145 ಎಚ್‌ಪಿ ಪವರ್, 212 ಎನ್‌ಎಂ ಟಾರ್ಕ್ (ಎಳೆಯುವ ಬಲ). ಸ್ಟೇರಿಂಗ್ ಹೈಡ್ರಾಲಿಕ್, ರಸ್ತೆ ಹೇಗಿದೆ ಅಂತ ಕೈಗೆ ನೇರವಾಗಿ ಹೇಳುತ್ತದೆ. ಇವತ್ತಿಗೂ ಅಂಥ ಕಾರು ಆ ಬೆಲೆಗೆ ಇನ್ನೊಂದಿಲ್ಲ. ಆದರೆ ಫಿಯಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ. ಎರಡನೇ ಕಾರು ಇರುವವರು, ಪಾರ್ಟ್ಸ್‌ಗಾಗಿ ತಿಂಗಳುಗಟ್ಟಲೆ ಕಾಯಬಲ್ಲವರು ಧಾರಾಳವಾಗಿ ಕೊಳ್ಳಲಿ. ನನಗೆ ಸೋಮವಾರ ಆಫೀಸಿಗೆ ಹೋಗಬೇಕಿತ್ತು.

ಮಾರುತಿಯ ಬಲೆನೊ ಆರ್‌ಎಸ್ ಎರಡನೆಯದು. 998 ಸಿಸಿ ಬೂಸ್ಟರ್‌ಜೆಟ್, 102 ಪಿಎಸ್, ತೂಕ ಬರೀ 950 ಕಿಲೊ. ಓಡಿಸಲು ತುಂಬಾ ಚುರುಕು, ಹಿಂದೆಯೂ ಡಿಸ್ಕ್ ಬ್ರೇಕ್. ಮಾರುತಿ ಸರ್ವಿಸ್ ಊರೂರಲ್ಲೂ ಇದೆ, ಆದರೆ 2017ರಿಂದ 2020ರ ಆರಂಭದವರೆಗೆ ಮಾತ್ರ ಮಾರಾಟವಾದ ಈ ಕಾರಿನ ಎಂಜಿನ್ ಆಮದಾದದ್ದು. ಅಪ್ಪ ಇಲ್ಲಿ ಒಂದು ಮಾತು ಸೇರಿಸಿದರು: "ಘಾಟಿಯಲ್ಲಿ ಓಡಿಸೋನು ನೀನು, ಗಾಡಿ ಗಟ್ಟಿ ಇದೆಯಾ ಅಂತ ಮೊದಲು ನೋಡಪ್ಪ." ನೋಡಿದೆ. 2021ರಲ್ಲಿ ಲ್ಯಾಟಿನ್ ಎನ್‌ಕ್ಯಾಪ್ ಅನ್ನುವ ಡಿಕ್ಕಿ ಸುರಕ್ಷತಾ ಪರೀಕ್ಷೆಯಲ್ಲಿ ಬಲೆನೊಗೆ ಸೊನ್ನೆ ಸ್ಟಾರ್. ಪಟ್ಟಿಯ ಮೂರನೆಯ ಕಾರು ಫೋಕ್ಸ್‌ವ್ಯಾಗನ್ ಪೋಲೋಗೆ 2014ರಲ್ಲೇ, ಎರಡು ಏರ್‌ಬ್ಯಾಗ್ ಹಾಕಿದ ಮೇಲೆ, ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ನಾಲ್ಕು ಸ್ಟಾರ್. ಎರಡೂ ಬೇರೆ ಬೇರೆ ಅಳತೆಯ ಪರೀಕ್ಷೆಗಳು, ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ. ಆದರೂ ಅಪ್ಪನಿಗೆ ಸಮಾಧಾನವಾಗುವ ಉತ್ತರ ಯಾವುದು ಅಂತ ಗೊತ್ತಾಯಿತು.

ಪೋಲೋ ಅಂದ ಕೂಡಲೇ ಎಲ್ಲರ ಬಾಯಲ್ಲೂ ಅದರ ಸ್ಪೋರ್ಟಿ ಮಾದರಿ ಜಿಟಿ ಟಿಎಸ್‌ಐ (ಟಿಎಸ್‌ಐ ಅಂದರೆ ಕಂಪನಿಯ ಟರ್ಬೊ ಪೆಟ್ರೋಲ್ ಎಂಜಿನ್). 2013ರಲ್ಲಿ ಬಂದ ಆ 1.2 ಲೀಟರ್ ಕಾರಿಗೆ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಗೇರ್ ಬದಲಾಗುವ ವೇಗ ನಿಜಕ್ಕೂ ಅದ್ಭುತ. ಆದರೆ ಅದರದು ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್. ಸಿಲ್ಕ್ ಬೋರ್ಡಿನಂಥ ಜಾಮಿನಲ್ಲಿ ಇಂಚಿಂಚು ತೆವಳುವಾಗ ಅದು ಅರ್ಧಂಬರ್ಧ ಹಿಡಿದುಕೊಂಡೇ ಇದ್ದು ಬಿಸಿಯಾಗುತ್ತದೆ, ಸವೆಯುತ್ತದೆ. ಗೇರ್‌ಬಾಕ್ಸನ್ನು ನಿಯಂತ್ರಿಸುವ ಮೆಕಟ್ರಾನಿಕ್ ಘಟಕ ಕೈಕೊಟ್ಟರೆ ನಾನು ಎತ್ತಿಟ್ಟ ಒಂದು ಲಕ್ಷ ಒಂದೇ ಬಿಲ್ಲಿಗೆ ಸರಿಹೋಗುತ್ತದೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಓಡಿದ ಡಿಎಸ್‌ಜಿ ಗಾಡಿಯನ್ನು ಪೂರ್ತಿ ರೆಕಾರ್ಡ್ ಇಲ್ಲದೆ ಕೊಳ್ಳಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗೆ ಹುಡುಕುತ್ತಾ ಹೋದಾಗ 2020ರ ಬಿಎಸ್6 (ಹೊಸ ಹೊಗೆ ನಿಯಮದ) ಪೋಲೋ ಕಣ್ಣಿಗೆ ಬಿತ್ತು. 999 ಸಿಸಿ, ಮೂರು ಸಿಲಿಂಡರ್, 110 ಪಿಎಸ್, 175 ಎನ್‌ಎಂ. ಆ ವರ್ಷದ ಜಿಟಿ ಬ್ಯಾಡ್ಜ್ ಆಟೊಮ್ಯಾಟಿಕ್‌ಗೆ ಮಾತ್ರ. ಅದೇ ಎಂಜಿನ್ನು ಆರು ಗೇರಿನ ಮ್ಯಾನ್ಯುಯಲ್ ಜೊತೆ ಹೈಲೈನ್ ಪ್ಲಸ್ ಅನ್ನುವ ಮಾದರಿಯಲ್ಲಿ ಬರುತ್ತಿತ್ತು. ಮಾರ್ಕೆಟಿನಲ್ಲಿ ಜಿಟಿ ಅಂತ ಬರೆದಿದ್ದರೆ ರೇಟು ಏರುತ್ತದೆ, ಮ್ಯಾನ್ಯುಯಲ್ ಹೈಲೈನ್ ಪ್ಲಸ್ ಕಡೆ ಹೆಚ್ಚು ಜನ ತಿರುಗಿ ನೋಡುವುದಿಲ್ಲ. ಕ್ಲಚ್ ನಮ್ಮ ಕಾಲಲ್ಲಿ, ಗೇರು ನಮ್ಮ ಕೈಯಲ್ಲಿ, ರಿಪೇರಿ ಸುಲಭ. ಕಲಿಯುವ ವಯಸ್ಸಿನವನಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಪೋಲೋ 2022ರಲ್ಲಿ ನಿಂತುಹೋಯಿತಲ್ಲ ಅಂತ ಕೇಳಬಹುದು. ಕಾರು ನಿಂತರೂ ಎಂಜಿನ್ ನಿಂತಿಲ್ಲ. ಟೈಗುನ್, ವರ್ಟಸ್, ಕುಶಾಕ್, ಸ್ಲಾವಿಯಾಗಳಲ್ಲಿ ಅದೇ ಕುಟುಂಬದ 1.0 ಟಿಎಸ್‌ಐ ಓಡುತ್ತಿದೆ. ಪುಂಟೋಗೂ ಪೋಲೋಗೂ ಇರುವ ದೊಡ್ಡ ವ್ಯತ್ಯಾಸ ಇದು. ಇನ್ನೊಂದು ಲಾಭ ಇನ್ಶೂರೆನ್ಸಿನಲ್ಲಿ. ಇಲ್ಲಿ ಥರ್ಡ್ ಪಾರ್ಟಿ ಕಂತು ನಿಗದಿಯಾಗುವುದು ಸಿಸಿ ಮೇಲೆ, ಓಡಿಸುವವನ ವಯಸ್ಸಿನ ಮೇಲಲ್ಲ. 2022ರಲ್ಲಿ ನಿಗದಿಯಾದ ದರದಲ್ಲಿ ಸಾವಿರ ಸಿಸಿ ಒಳಗಿದ್ದರೆ ವರ್ಷಕ್ಕೆ 2,094 ರೂಪಾಯಿ, ಸಾವಿರ ದಾಟಿ 1,500ರವರೆಗೆ 3,416, ಅದಕ್ಕೂ ಮೇಲೆ 7,897. 999 ಸಿಸಿ ಗಾಡಿಗೆ ಕೆಳಗಿನ ದರ.

ಇನ್ನು ಗಾಡಿ ನೋಡುವ ಕೆಲಸ. ನನ್ನ ಜೊತೆ ಬರುತ್ತಿದ್ದವರು ನಮ್ಮ ಬಡಾವಣೆಯ ಮೆಕ್ಯಾನಿಕ್ ಅಣ್ಣ. ಅವರ ಮೊದಲ ನಿಯಮ: ಬೆಳಿಗ್ಗೆಯೇ ಹೋಗಬೇಕು, ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಓನರಿಗೆ ಹೇಳಿಡಬೇಕು. "ಬಾನೆಟ್ ಮುಟ್ಟಿ ನೋಡು ತಮ್ಮಾ, ಬಿಸಿ ಇದ್ರೆ ಏನೋ ಮುಚ್ಚಿಡ್ತಾ ಇದಾರೆ ಅಂತ." ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ನೀಲಿ ಹೊಗೆ ಬಂದರೆ ಎಲ್ಲೋ ಆಯಿಲ್ ಉರಿಯುತ್ತಿದೆ, ಟರ್ಬೊ ಸೀಲೋ ಪಿಸ್ಟನ್ ರಿಂಗೋ.

ಒಬ್ಬ ಡೀಲರ್ ಹತ್ತಿರ ಥಳಥಳ ಹೊಳೆಯುವ ಗಾಡಿ ಇತ್ತು. "ಒಂದು ಗೀರೂ ಬಿದ್ದಿಲ್ಲ ಸಾರ್" ಅಂದರು. ಅಣ್ಣ ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದು ತೋರಿಸಿದರು. ಕಂಪನಿಯ ಸ್ಪಾಟ್ ವೆಲ್ಡಿಂಗ್ ಒಂದೇ ಅಂತರದಲ್ಲಿ ಗುಂಡಗೆ ಸಾಲಾಗಿ ಇರುತ್ತದೆ. ಅಲ್ಲಿ ಬಲಗಡೆ ಸಾಲು ಸರಿಯಾಗಿತ್ತು, ಎಡಗಡೆ ಕಂಬದಲ್ಲಿ ಚುಕ್ಕೆಗಳೇ ಮಾಯ, ಮೇಲೆ ದಪ್ಪ ಪೇಂಟು. ಎಡಗಡೆಯ ಗಾಜಿನ ಮೇಲಿನ ವರ್ಷದ ಗುರುತೂ ಬೇರೆ. ಮಾತಾಡದೆ ಬಂದುಬಿಟ್ಟೆವು.

ಬೆಂಗಳೂರಿನ ಗಾಡಿಗಳಲ್ಲಿ ನೀರಿನ ಗುರುತು ಹುಡುಕುವುದಂತೂ ಕಡ್ಡಾಯ. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು ಸುತ್ತಮುತ್ತ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳು ಆಮೇಲೆ ತೊಳೆದು ಮಾರ್ಕೆಟಿಗೆ ಬಂದಿರುತ್ತವೆ. ಸೀಟಿನ ಕೆಳಗಿನ ಹಳಿಗಳಲ್ಲಿ ಮಣ್ಣು, ಸ್ಟೆಪ್ನಿ ಗುಂಡಿಯಲ್ಲಿ ತುಕ್ಕು, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಕೆಸರಿನ ಗೆರೆ, ಇವನ್ನು ಎಷ್ಟು ತೊಳೆದರೂ ಪೂರ್ತಿ ಅಳಿಸಲಾಗುವುದಿಲ್ಲ. ಕರಾವಳಿಯ ಗಾಡಿಯಾದರೆ ಕೆಳಗೆ ಮಲಗಿ ತುಕ್ಕು ನೋಡಿ.

ಟರ್ಬೊ ಗಾಡಿಗಳಿಗೆ ಇನ್ನೊಂದು ಪರೀಕ್ಷೆ ಬೇಕು. ಕಾರಿನ ಕಂಪ್ಯೂಟರಿನಲ್ಲಿರುವ ಎರರ್ ಓದುವ ಚಿಕ್ಕ ಒಬಿಡಿ ಸ್ಕ್ಯಾನರ್ ಸ್ಟೇರಿಂಗ್ ಕೆಳಗೆ ಚುಚ್ಚಿ ಫೋನಿನಲ್ಲಿ ನೋಡಿದಾಗ, ಎರರ್ ಇಲ್ಲ ಅಂತ ತೋರಿಸಿದರೆ ಸಾಲದು. ನಿನ್ನೆ ರಾತ್ರಿ ಎರರ್ ಅಳಿಸಿದ್ದರೆ ರೆಡಿನೆಸ್ ಮಾನಿಟರ್‌ಗಳು, ಅಂದರೆ ಕಾರು ತನ್ನನ್ನೇ ಪರೀಕ್ಷಿಸಿಕೊಳ್ಳುವ ಪರೀಕ್ಷೆಗಳು, ಇನ್ನೂ ಪೂರ್ಣಗೊಂಡಿರುವುದಿಲ್ಲ, ಅದು ಅಲ್ಲೇ ಕಾಣುತ್ತದೆ. ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸುವುದು) ಆಗಿದೆಯಾ ಅಂತ ಮುಖ ನೋಡಿ ಕೇಳಿ. ಕೆಲವರು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದು ಬೇಡವಾಗಿತ್ತು: ಕ್ಲಚ್ಚು, ಟರ್ಬೊ ಎಷ್ಟು ಸವೆದಿವೆ ಅಂತ ತಿಳಿಯುವುದಿಲ್ಲ, ಇನ್ಶೂರೆನ್ಸಿಗೆ ತಿಳಿಸದ ಬದಲಾವಣೆ ಕ್ಲೇಮಿನ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ.

ಕೊನೆಗೆ ಕೊಂಡ ಗಾಡಿ ಮೈಸೂರಿನದೇ, ಮೊದಲ ಓನರ್, ಶಾಲೆಯೊಂದರ ಮೇಡಂ. ಸರ್ವಿಸ್ ಬಿಲ್ಲುಗಳನ್ನು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಕಿಲೋಮೀಟರ್ ಲೆಕ್ಕವನ್ನು ಬಿಲ್ಲಿನಿಂದ ಬಿಲ್ಲಿಗೆ ತಾಳೆ ನೋಡಿದೆ, ಸರಿಯಿತ್ತು. ರಿಂಗ್ ರೋಡಿನಲ್ಲಿ ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಆರ್‌ಪಿಎಂ ಹಾರಿ ವೇಗ ಹಿಂದುಳಿದರೆ ಕ್ಲಚ್ ಮುಗಿದಿದೆ ಅಂತ ಅರ್ಥ. ಇಲ್ಲಿ ಎರಡೂ ಒಟ್ಟಿಗೇ ಏರಿದವು, 1,800 ದಾಟಿದ ಮೇಲೆ ಬೆನ್ನು ಸೀಟಿಗೆ ಒತ್ತಿಕೊಂಡಿತು. ಟೈರಿನ ಬದಿಯ ನಾಲ್ಕಂಕಿ 2420, ಅಂದರೆ 2020ರ 24ನೇ ವಾರದ್ದು. ರಬ್ಬರು ಕಲ್ಲಾಗಿತ್ತು. ಅದನ್ನು ತೋರಿಸಿ ಚೌಕಾಸಿ ಮಾಡಿದೆ, 6.80 ಲಕ್ಷಕ್ಕೆ ಮುಗಿಯಿತು.

ಕಾಗದಪತ್ರದಲ್ಲಿ ಫಾರ್ಮ್ 29, 30 ಹೆಸರು ವರ್ಗಾವಣೆಗೆ. ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಬಾಕಿ ಇ-ಚಲನ್ ನೋಡಿ ಕಟ್ಟಿಸಿ. ದೆಹಲಿ ನಂಬರಿನ ಗಾಡಿಗಳು ಅಗ್ಗಕ್ಕೆ ಬರುತ್ತವೆ, ಆದರೆ ಇಲ್ಲಿನ ಜೀವಿತಾವಧಿ ತೆರಿಗೆ ಸೇರಿಸಿದರೆ ಆ ಅಗ್ಗ ಉಳಿಯುವುದು ಕಷ್ಟ. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಬೇಕು. ಹಳೆಯ ಓನರಿನ ನೋ ಕ್ಲೇಮ್ ಬೋನಸ್ ಅವರ ಜೊತೆಯೇ ಹೋಗುತ್ತದೆ, ಕಂತು ಅಷ್ಟು ಹೆಚ್ಚಾಗುತ್ತದೆ.

ಎತ್ತಿಟ್ಟ ಲಕ್ಷದಲ್ಲಿ ಮೊದಲು ಹೋದದ್ದು ನಾಲ್ಕು ಟೈರಿಗೆ, ಆಮೇಲೆ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು, ಎಂಜಿನ್ ಆಯಿಲು, ಕೂಲಂಟ್. ಹೊಸ ಟೈರು ಹಾಕಿ ಶಿರಾಡಿ ಘಾಟಿ ಇಳಿದಾಗ ಅದೇ ಕಾರು ಬೇರೆಯೇ ಕಾರಿನಂತೆ ತಿರುವು ಹಿಡಿಯಿತು. ಇ20 (ಶೇ 20ರಷ್ಟು ಎಥೆನಾಲ್ ಬೆರೆಸಿದ) ಪೆಟ್ರೋಲಿಗೆ ಹೊಂದುವ ಭಾಗಗಳು ಹೊಸ ಗಾಡಿಗಳಿಗೆ ಕಡ್ಡಾಯವಾದದ್ದು 2023ರ ಏಪ್ರಿಲ್‌ನಿಂದ, ಹಾಗಾಗಿ ಪ್ರತಿ ಸರ್ವಿಸಿಗೂ ಪೆಟ್ರೋಲ್ ಪೈಪು, ಸೀಲುಗಳನ್ನು ನೋಡಿಸುತ್ತೇನೆ. ಆಯಿಲನ್ನು ಕಂಪನಿ ಹೇಳಿದ ಅವಧಿಗಿಂತ ಮುಂಚೆಯೇ ಬದಲಿಸುತ್ತೇನೆ. ವೇಗದ ಆಸೆ ತೀರಿಸಿಕೊಳ್ಳಲು ಕೊಯಮತ್ತೂರು ಹತ್ತಿರ ಕಾರಿ ಸ್ಪೀಡ್‌ವೇ ಇದೆ, ಟ್ರ್ಯಾಕ್ ಡೇ ದಿನಗಳಲ್ಲಿ ಸ್ವಂತ ಕಾರು ಒಯ್ಯಬಹುದು. ಮುಂದಿನ ಬೋನಸ್ಸಿಗೆ ಅಲ್ಲಿಗೆ ಹೋಗುವುದು ಅಂತ ಅಣ್ಣನ ಜೊತೆ ಮಾತಾಗಿದೆ, ಹೊರಡುವ ಮುನ್ನ ಮುಂದಿನ ಡಿಸ್ಕ್‌ಗಳನ್ನು ಇನ್ನೊಮ್ಮೆ ಅಳೆಯಬೇಕು ಅಂದಿದ್ದಾರೆ.