ಒಂದು ಕೇಬಲ್, ಎರಡು ಟಿವಿ: ಸ್ಪ್ಲಿಟರ್ ಹಾಕುವುದು ಹೀಗೆ

ಅಂಗಡಿಯಿಂದ ಸ್ಪ್ಲಿಟರ್ ತಂದು, ಒಂದು ಕವಲನ್ನು ಸೆಟ್ ಟಾಪ್ ಬಾಕ್ಸ್‌ಗೆ, ಇನ್ನೊಂದನ್ನು ನೇರವಾಗಿ ಟಿವಿಯ ಬೆನ್ನಿಗೆ ಚುಚ್ಚಿ, ಆಟೊ ಸ್ಕ್ಯಾನ್ ಒತ್ತಿ ಕಾದು ಕೂರುವವರು ಈಗಲೂ ಇದ್ದಾರೆ. ಟಿವಿ ಎಲ್ಲವನ್ನೂ ಜಾಲಾಡಿ ಕೊನೆಗೆ ಸೊನ್ನೆ ಚಾನೆಲ್ ತೋರಿಸುತ್ತದೆ. ಸ್ಪ್ಲಿಟರ್ ಕೆಟ್ಟದ್ದೆಂದು ಮತ್ತೊಂದು ತರುತ್ತಾರೆ, ಅದೂ ಅಷ್ಟೇ. ತಪ್ಪು ಸ್ಪ್ಲಿಟರಿನದ್ದಲ್ಲ. ಬೆಂಗಳೂರು, ಮೈಸೂರಿನಲ್ಲಿ ಬಾಕ್ಸ್ ಇಲ್ಲದೆಯೇ ನಡೆಯುತ್ತಿದ್ದ ಹಳೆಯ ಅನಲಾಗ್ ಕೇಬಲ್ ನಿಲ್ಲಿಸಲು 2013ರ ಮಾರ್ಚ್ 31 ಗಡುವಾಗಿತ್ತು, ಹಳ್ಳಿಗಳಿಗೆ 2017ರ ಮಾರ್ಚ್ 31. ಈಗ ತಂತಿಯಲ್ಲಿ ಬರುವುದು ಬೀಗ ಹಾಕಿದ ಡಿಜಿಟಲ್ ಸಿಗ್ನಲ್, ಬೀಗದ ಕೈ ಇರುವುದು ಬಾಕ್ಸ್‌ನಲ್ಲಿ. ಬಾಕ್ಸ್ ಇಲ್ಲದ ಟಿವಿಗೆ ಕೇಬಲ್ ಕೊಟ್ಟು ಪ್ರಯೋಜನವಿಲ್ಲ.

ಹಾಗಾಗಿ ಮೊದಲು ನಿಮಗೆ ಬೇಕಿರುವುದೇನೆಂದು ತೀರ್ಮಾನಿಸಿ. ಎರಡೂ ಟಿವಿಯಲ್ಲಿ ಒಂದೇ ಚಾನೆಲ್ ಬಂದರೆ ಸಾಕೆ? ಹಾಗಾದರೆ ಕೇಬಲ್ ಕತ್ತರಿಸಲೇಬೇಡಿ. ಹೆಚ್ಚಿನ ಬಾಕ್ಸ್‌ಗಳಲ್ಲಿ ಎಚ್‌ಡಿಎಂಐ ಮತ್ತು ಎವಿ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಹಾಲ್‌ನ ಟಿವಿಗೆ ಎಚ್‌ಡಿಎಂಐ, ಅಡುಗೆಮನೆಯ ಹಳೇ ಟಿವಿಗೆ ಕೆಂಪು-ಬಿಳಿ-ಹಳದಿ ತಂತಿ ಎಳೆದರೆ ಮುಗಿಯಿತು. ಎರಡಕ್ಕೂ ಎಚ್‌ಡಿಎಂಐ ಬೇಕೆಂದರೆ ಎಚ್‌ಡಿಎಂಐ ಸ್ಪ್ಲಿಟರ್ ಕೊಳ್ಳಿ. ಅಂಗಡಿಯವರು ಅದರ ಬದಲು ಸ್ವಿಚ್ ಕೊಟ್ಟುಬಿಡುವುದುಂಟು. ಗುಂಡಿ ಒತ್ತಿ ಅತ್ತಿತ್ತ ಬದಲಾಯಿಸುವ ಪುಟ್ಟ ಡಬ್ಬಿ ಅದು, ಒಮ್ಮೆಗೆ ಒಂದೇ ಟಿವಿ ಓಡುತ್ತದೆ. ಸ್ಪ್ಲಿಟರ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ಕರೆಂಟ್ ಅಡಾಪ್ಟರ್ ಇರುತ್ತದೆ, ಅದೇ ಗುರುತು.

ಒಳಕೋಣೆಯಲ್ಲಿ ಧಾರಾವಾಹಿ, ಹಾಲ್‌ನಲ್ಲಿ ಕ್ರಿಕೆಟ್ ಎನ್ನುವ ಮನೆಯಾದರೆ ಎರಡನೇ ಬಾಕ್ಸ್ ಬೇಕೇ ಬೇಕು. ಅದನ್ನು ನಿಮ್ಮ ಕೇಬಲ್‌ನವರಿಂದಲೇ ಪಡೆದು ಆಕ್ಟಿವೇಟ್ ಮಾಡಿಸಿ. ಸ್ಪ್ಲಿಟರ್ ಕೆಲಸ ಆಮೇಲಿನದು.

ಏನೇನು ಕೊಳ್ಳಬೇಕು

5–1000 ಮೆಗಾಹರ್ಟ್ಸ್ ಎಂದು ಬರೆದಿರುವ, ಎರಡು ದಾರಿಯ, ಲೋಹದ ಮೈಯ ಸ್ಪ್ಲಿಟರ್. ಬೇಕಾದಷ್ಟು ಉದ್ದದ ಆರ್‌ಜಿ-6 ಕೇಬಲ್. ಅದಕ್ಕೆ ಹೊಂದುವ ಎಫ್ ಕನೆಕ್ಟರ್, ಅಂದರೆ ಕೇಬಲ್ಲಿನ ತುದಿಗೆ ಹಾಕುವ ತಿರುಗಿಸುವ ಪಿನ್, ಆರು. ಬೇಕಿರುವುದು ಐದೇ, ಒಂದು ಹೇಗೂ ಹಾಳಾಗುತ್ತದೆ.

ಸ್ಪ್ಲಿಟರಿನ ಮೇಲೆ ಎರಡೂ ಔಟ್ ಪಕ್ಕ 3.5 ಡಿಬಿ ಅಥವಾ 4 ಡಿಬಿ ಎಂದಿರಬೇಕು. ಡಿಬಿ ಎಂದರೆ ಡೆಸಿಬೆಲ್, ಸಿಗ್ನಲ್ ಎಷ್ಟು ಇಳಿಯುತ್ತದೆ ಎನ್ನುವ ಅಳತೆ. ಈ ಇಳಿಕೆ ದೋಷವಲ್ಲ: ಸಿಗ್ನಲ್ ಅರ್ಧರ್ಧವಾಗುವುದಕ್ಕೆ 3 ಡಿಬಿ ಹೋಗುತ್ತದೆ, ಉಳಿದ ಚೂರು ಒಳಗಿನ ನಷ್ಟ. ಒಳ್ಳೆಯ ಆರ್‌ಜಿ-6 ಕೇಬಲ್ ಮೇಲಿನ ಫ್ರೀಕ್ವೆನ್ಸಿಗಳಲ್ಲಿ 10 ಮೀಟರ್‌ಗೆ ಸುಮಾರು 2 ಡಿಬಿ ತಿನ್ನುತ್ತದೆ. ಅಂದರೆ ಒಂದು ಸ್ಪ್ಲಿಟರ್ ಹಾಕುವುದೂ ಹದಿನೇಳು-ಹದಿನೆಂಟು ಮೀಟರ್ ಕೇಬಲ್ ಹೆಚ್ಚುವರಿ ಎಳೆಯುವುದೂ ಹೆಚ್ಚುಕಡಿಮೆ ಒಂದೇ. ನಾಲ್ಕು ದಾರಿಯದ್ದು 7 ಡಿಬಿಗೂ ಹೆಚ್ಚು ನುಂಗುತ್ತದೆ, 'ಮುಂದೆ ಬೇಕಾದೀತು' ಎಂದು ಅದನ್ನು ತರಬೇಡಿ. ತಂದದ್ದೇ ಆದರೆ ಖಾಲಿ ತೂತುಗಳಿಗೆ 75 ಓಮ್ ಟರ್ಮಿನೇಟರ್ ಮುಚ್ಚಳ ಹಾಕಿ.

ನೋಡಲು ಸ್ಪ್ಲಿಟರಿನಂತೆಯೇ ಇರುವ ಇನ್ನೊಂದು ವಸ್ತು ಟ್ಯಾಪ್. ಅದರಲ್ಲಿ ಇನ್, ಔಟ್, ಟ್ಯಾಪ್ ಎಂದಿರುತ್ತದೆ; ಟ್ಯಾಪ್ ಕಡೆ 8, 12 ಅಥವಾ 16 ಡಿಬಿ ಇಳಿಯುತ್ತದೆ. ಅದು ಮಹಡಿ ಮಹಡಿಗೆ ಕೇಬಲ್ ಹಂಚುವವರ ಸಾಮಾನು, ಮನೆಯೊಳಗೆ ಬೇಡ. ಛಾವಣಿಯ ಡಿಶ್‌ನಿಂದ ಬರುವ ತಂತಿಗೂ ಈ ಸ್ಪ್ಲಿಟರ್ ಆಗದು. ಡಿಶ್ ಸಿಗ್ನಲ್ ಓಡುವುದು 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ, ಅದೇ ತಂತಿಯಲ್ಲಿ ಬಾಕ್ಸ್‌ನಿಂದ ಮೇಲಕ್ಕೆ 13 ಇಲ್ಲವೇ 18 ವೋಲ್ಟ್ ಕೂಡ ಹೋಗುತ್ತದೆ.

ಪಿನ್ ಕೂರಿಸುವುದು

ನೂರಕ್ಕೆ ತೊಂಬತ್ತು ಮಂದಿ ಕೆಡಿಸುವುದು ಇಲ್ಲೇ. ಬಾಕ್ಸ್, ಟಿವಿ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು, ಒಣ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಕೂರಿ. ನಿಮ್ಮ ಮನೆಯ ಪ್ಲಗ್ ಕಿತ್ತರೂ ಕೇಬಲ್‌ನ ಸಿಪ್ಪೆಯೊಳಗಿನ ಲೋಹದ ಜಾಲರಿ ಪಕ್ಕದ ಮನೆಯ ಟಿವಿಗೂ ಅಂಟಿಕೊಂಡಿರುತ್ತದೆ, ಅಲ್ಲಿನ ಸೋರಿಕೆ ಇಲ್ಲಿ ಜುಮ್ಮೆನ್ನಿಸಬಹುದು. ಜುಮ್ಮೆನ್ನುವುದಲ್ಲ, ಹೊಡೆಯುತ್ತಿದೆ ಎನಿಸಿದರೆ ಅಲ್ಲಿಗೇ ಬಿಟ್ಟು ಕೇಬಲ್‌ನವರನ್ನು ಕರೆಸಿ.

ಕೇಬಲ್ಲಿನ ತುದಿಯನ್ನು ಹರಿತ ಕಟರ್‌ನಿಂದ ನೇರವಾಗಿ ಕತ್ತರಿಸಿ. ತುದಿಯಿಂದ 15 ಮಿಲಿಮೀಟರ್ ಅಳೆದು ಗುರುತು ಮಾಡಿ. ಅಲ್ಲಿ ಬ್ಲೇಡನ್ನು ಒತ್ತದೆ, ಸೌತೆಕಾಯಿ ಸಿಪ್ಪೆಗೆ ಗೀಟು ಎಳೆದ ಹಾಗೆ ಸುತ್ತ ತಿರುಗಿಸಿ ಹೊರಗಿನ ಕಪ್ಪು ಸಿಪ್ಪೆಯನ್ನಷ್ಟೇ ಎಳೆಯಿರಿ. ಒಳಗಿನ ಜಾಲರಿ ಕತ್ತರಿಸಿಹೋದರೆ ಮತ್ತೆ ಮೊದಲಿಂದ ಶುರು. ಜಾಲರಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಹಿಂದಕ್ಕೆ ಮಡಚಿ, ಕಪ್ಪು ಸಿಪ್ಪೆಯ ಮೇಲೆ ಸಮನಾಗಿ ಹರಡಿ. ಬಿಳಿ ಫೋಮ್‌ಗೆ ಅಂಟಿದ ಬೆಳ್ಳಿ ಬಣ್ಣದ ಹಾಳೆ ಹಾಗೆಯೇ ಇರಲಿ.

ಈಗ ತುದಿಯಿಂದ 8 ಮಿಲಿಮೀಟರ್‌ನಷ್ಟು ಫೋಮ್ ತೆಗೆಯಿರಿ. ನಡುವಿನ ತಂತಿಗೆ ಬ್ಲೇಡ್ ತಾಗಕೂಡದು. ಹಲವು ಕೇಬಲ್‌ಗಳಲ್ಲಿ ಅದು ಉಕ್ಕಿನ ತಂತಿಯ ಮೇಲೆ ತೆಳ್ಳಗೆ ತಾಮ್ರ ಹಚ್ಚಿದ್ದು, ಸಿಗ್ನಲ್ ಹರಿಯುವುದು ಆ ಹೊರಪದರದಲ್ಲೇ. ಕೆರೆದರೆ ತಾಮ್ರ ಹೋಗಿ ಉಕ್ಕು ಉಳಿಯುತ್ತದೆ. ಹಲ್ಲಿನಿಂದ ಕಚ್ಚಿ ಎಳೆಯುವವರಿಗೆ ಹೇಳಿ ಪ್ರಯೋಜನವಿಲ್ಲ.

ಕನೆಕ್ಟರಿನ ಒಳಕೊಳವೆ ಬೆಳ್ಳಿ ಹಾಳೆಯ ಮೇಲೂ ಜಾಲರಿಯ ಕೆಳಗೂ ನುಸುಳಬೇಕು. ಕೈ ನೋಯುವಷ್ಟು ಒತ್ತಿ ತಿರುಗಿಸಿ. ಮುಂದಿನಿಂದ ಇಣುಕಿದಾಗ ಬಿಳಿ ಫೋಮ್ ಒಳಗಿನ ತಳದ ಮಟ್ಟಕ್ಕೆ ಬಂದಿರಬೇಕು. ತಂತಿ ನಟ್‌ನ ಅಂಚಿಗಿಂತ 2–3 ಮಿಲಿಮೀಟರ್ ಹೊರಬಂದಿರಬೇಕು, ಹೆಚ್ಚಾದರೆ ಕತ್ತರಿಸಿ. ಕಡಿಮೆಯಾದರೆ ಸ್ಪ್ಲಿಟರಿನೊಳಗೆ ಸರಿಯಾಗಿ ತಾಗದೆ, ಬಾಗಿಲು ಬಡಿದಾಗಲೆಲ್ಲ ಚಿತ್ರ ಹೋಗುತ್ತದೆ. ಕೊನೆಗೆ ಬೆಳಕಿಗೆ ಹಿಡಿದು ನೋಡಿ: ಜಾಲರಿಯ ಕೂದಲೆಳೆಯೊಂದು ನಡುವಿನ ತಂತಿಗೆ ತಾಗಿದ್ದರೂ ಶಾರ್ಟ್. ಮಲ್ಟಿಮೀಟರ್ ಇದ್ದರೆ ಕೇಬಲ್ಲಿನ ಎರಡೂ ತುದಿ ಬಿಚ್ಚಿಟ್ಟು ತಂತಿಗೂ ಕನೆಕ್ಟರಿನ ಮೈಗೂ ತಾಗಿಸಿ, ಬೀಪ್ ಬರಬಾರದು.

ಕಂಪ್ರೆಷನ್ ಕನೆಕ್ಟರ್, ಅದಕ್ಕೊಂದು ಒತ್ತುವ ಸಾಧನ: ಇದೇ ಸರಿಯಾದ ಜೋಡಿ. ಕೈಯಲ್ಲೇ ತಿರುಗಿಸಿ ಹಾಕುವ ಅಗ್ಗದ ಪಿನ್ ವರ್ಷ ಕಳೆಯುವುದರೊಳಗೆ ಸಡಿಲವಾಗುತ್ತದೆ. ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಿದ ಕ್ರಿಂಪ್ ಅದಕ್ಕಿಂತ ಕೆಟ್ಟದ್ದು. ಬಾಕ್ಸ್‌ನಲ್ಲಿ ಚುಚ್ಚುವ ಬಗೆಯ ಪಿನ್ ಇದ್ದರೆ, ಎಫ್ ಕನೆಕ್ಟರ್ ಹಾಕಿ ಅದರ ಮೇಲೆ ಅಡಾಪ್ಟರ್ ಕೂರಿಸಿ.

ಜೋಡಿಸಿ ನೋಡುವುದು

ಬೀದಿಯಿಂದ ಬಂದ ಕೇಬಲ್ ಇನ್‌ಗೆ, ಎರಡು ಔಟ್ ಎರಡು ಬಾಕ್ಸ್‌ಗೆ. ಬೆರಳಲ್ಲಿ ಬಿಗಿ ಮಾಡಿ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು.

ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಪುಟ ಇರುತ್ತದೆ. ಸ್ಪ್ಲಿಟರ್ ಹಾಕುವ ಮೊದಲೂ ಆಮೇಲೂ ಕ್ವಾಲಿಟಿ ಅಂಕಿ ಬರೆದಿಟ್ಟುಕೊಳ್ಳಿ. ಸ್ಟ್ರೆಂತ್ ಸ್ವಲ್ಪ ಇಳಿಯುವುದು ಸಹಜ, ಕ್ವಾಲಿಟಿ ಇಳಿಯಬಾರದು. ಡಿಜಿಟಲ್ ಚಿತ್ರ ಹಳೆಯದರಂತೆ ಮೆಲ್ಲಗೆ ಮಸುಕಾಗುವುದಿಲ್ಲ. ಚೆನ್ನಾಗಿರುತ್ತದೆ, ಚೌಕ ಚೌಕವಾಗುತ್ತದೆ, ಇಲ್ಲವೇ ಇಲ್ಲವಾಗುತ್ತದೆ. ಒಂದು ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್ ತುಂಬಿರುವುದರಿಂದ ಹೋದರೆ ಗುಂಪಾಗಿಯೇ ಹೋಗುತ್ತವೆ. ಹಾಗಾದಾಗ ಮೊದಲು ಪಿನ್‌ಗಳನ್ನು ಮತ್ತೆ ಹಾಕಿ ನೋಡಿ.

ಬೂಸ್ಟರ್ ಕೊನೆಯ ಮಾತು. ಹಾಕಲೇಬೇಕಾದರೆ ಸ್ಪ್ಲಿಟರ್‌ಗಿಂತ ಮುಂಚೆ ಹಾಕಿ, ಆಮೇಲಲ್ಲ. ಬಲಗುಂದಿದ ಸಿಗ್ನಲ್ಲಿನ ಜೊತೆ ಗದ್ದಲವನ್ನೂ ಅದು ಹಿಗ್ಗಿಸುತ್ತದೆ. ಸಿಗ್ನಲ್ ಅತಿಯಾದರೂ ಬಾಕ್ಸ್ ತಡವರಿಸುತ್ತದೆ. ಮನೆಗೆ ಬರುವ ಸಿಗ್ನಲ್ಲೇ ಕಡಿಮೆಯಿದ್ದರೆ ಕಂಬದ ಬಳಿ ಸರಿಮಾಡಿಕೊಡುವುದು ಕೇಬಲ್‌ನವರ ಕೆಲಸ.

ಕೆಲವರು ಸ್ಪ್ಲಿಟರ್ ಬಿಟ್ಟು ಮೊದಲ ಬಾಕ್ಸ್‌ನ ಬೆನ್ನಲ್ಲಿ ಸಿಗ್ನಲ್ ಮುಂದಕ್ಕೆ ಬಿಡುವ ಲೂಪ್ ಔಟ್ ತೂತಿನಿಂದ ಎರಡನೆಯದಕ್ಕೆ ತಂತಿ ಕೊಡುತ್ತಾರೆ. ನಡೆಯುತ್ತದೆ. ಆದರೆ ಕೆಲವು ಬಾಕ್ಸ್‌ಗಳಲ್ಲಿ ಮೊದಲನೆಯದರ ಸ್ವಿಚ್ ಆರಿಸಿದೊಡನೆ ಒಳಕೋಣೆಯ ಟಿವಿಯೂ ಸಾಯುತ್ತದೆ.

ಸ್ಪ್ಲಿಟರ್ ಮನೆಯೊಳಗೇ ಇರಲಿ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕವರ್ ಸುತ್ತಿ ನೇತುಹಾಕಿದರೆ ಒಂದು ಮಳೆಗಾಲಕ್ಕೆ ಪಿನ್ ಹಸಿರುಗಟ್ಟುತ್ತದೆ, ಜಾಲರಿಯ ಗುಂಟ ನೀರು ಒಳಗೂ ಇಳಿಯುತ್ತದೆ. ಕೇಬಲ್ ಗೋಡೆಯ ತೂತಿಗೆ ಬರುವ ಮುನ್ನ ಒಂದು ಗೇಣು ಕೆಳಕ್ಕೆ ಜೋತುಬಿದ್ದು ಮೇಲೇರುವಂತೆ ಬಿಡಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.